ಹೊಳೆಯಾಚೆ ಆನಿಯಮ್ಮನ ಪೈ

ಇಂಗ್ಲೆಂಡಿಗೆ ಹೋಗಿಬಂದವನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಿಶ್ಚಿಂತೆಯಿಂದ ಒಂದು ಸುತ್ತು ಹಾಕುವ ಹಾಗಿಲ್ಲ. ಅಕ್ಕಿ ಅಂಗಡಿಯವರಿಂದ ಹಿಡಿದು ವೀಳ್ಯದೆಲೆ ಮಾರುವವಳವರೆಗೆ ಎಲ್ಲರೂ ತಡೆದು ಕೇಳುವುದು ಒಂದೇ: "ರಾಣೀನ ನೋಡಿದ್ರಾ?" ನೋಡಲಿಲ್ಲ. ರಾಣಿ ಇರುವ ಊರಿನಲ್ಲಿ ನಾನಿದ್ದದ್ದೇ ಒಂದೂವರೆ ದಿನ, ಅದರಲ್ಲಿ ಅರ್ಧ ದಿನ ದಾರಿ ತಪ್ಪಿಸಿಕೊಂಡಿದ್ದೆ. ಎರಡನೆಯ ಪ್ರಶ್ನೆ: "ಊಟಕ್ಕೆ ಏನ್ಮಾಡಿದ್ರಿ ಮಾರಾಯ್ರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇದೆ. ಆದರೆ ಅದು ತಕ್ಕಡಿಯ ಮುಂದೆ ನಿಂತು ಹೇಳಿ ಮುಗಿಸುವಂಥದ್ದಲ್ಲ. ಅದರಲ್ಲಿ ಒಂದು ಹೊಳೆ ಇದೆ, ಒಂದು ಪಂದ್ಯ ಇದೆ, ತನ್ನ ಕೈಯಡಿಗೆಗೆ ತನ್ನ ಹೆಸರು ಹಾಕಿಸಿಕೊಳ್ಳಬೇಕೆಂದು ವರ್ಷಗಟ್ಟಲೆ ಕಾದ ಒಬ್ಬ ಹೆಂಗಸಿದ್ದಾಳೆ. ಪುರುಸೊತ್ತು ಇದ್ದವರು ಕೂತು ಕೇಳಬೇಕು.

ಹಡಗಿನ ಮೇಲೆ ತುಂಗೆ, ಭದ್ರೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ಆರು ತಿಂಗಳ ತರಬೇತಿಗೆಂದು ಇಬ್ಬರನ್ನು ಆರಿಸಿದ್ದರು. ಒಬ್ಬ ನಾನು, ಚನ್ನಬಸಪ್ಪ. ಕಾಯ್ದ ಕಬ್ಬಿಣ ಹುಯ್ಯುವುದಕ್ಕೆ ಮರಳಿನಲ್ಲಿ ಅಚ್ಚು ಕಟ್ಟುವುದು ನನ್ನ ಕೆಲಸ. ಇನ್ನೊಬ್ಬರು ರಹಮತ್ ಸಾಹೇಬರು, ಯಂತ್ರ ರಿಪೇರಿಯವರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರು, ತೂಕದಲ್ಲಿ ನನ್ನಂಥವರು ಇಬ್ಬರು. ನಾನು ಶಿವಮೊಗ್ಗದವನು, ದಿನಾ ರೈಲು ಹತ್ತಿ ಕೆಲಸಕ್ಕೆ ಹೋಗಿ ಬರುವವನು. ಅವರು ಭದ್ರಾವತಿಯಲ್ಲೇ ಹುಟ್ಟಿ ಬೆಳೆದವರು. ಎರಡೂ ಊರಿಗೆ ಹತ್ತು ಹನ್ನೆರಡು ಮೈಲಿಯಾದರೆ ಹೆಚ್ಚು. ಅಷ್ಟು ಸಾಕಾಯಿತು. ಮುಂಬಯಿ ಬಿಟ್ಟ ದಿನದಿಂದ ಹಡಗಿನ ಮೇಲೆ ನಮ್ಮಿಬ್ಬರಿಗೂ ಅದೇ ಜಗಳ.

"ತುಂಗೆ ನೀರು ಕುಡ್ದು ಕುಡ್ದು ಶಿವಮೊಗ್ಗದೋರಿಗೆ ಬಾಯಿ ಒಂದೇ ಬೆಳ್ದಿರೋದು ಬಸಪ್ಪನೋರೆ. ಕೈಯಲ್ಲಿ ಕೆಲ್ಸ ಇರೋರೆಲ್ಲ ಭದ್ರಾ ನೀರು ಕುಡ್ದೋರು."

"ನಿಮ್ಮ ಭದ್ರೆ ಕೂಡಲಿಗೆ ಬಂದು ನಮ್ಮ ತುಂಗೆ ಕೈ ಹಿಡಿದ ಮೇಲೆ ತಾನೇ ಸಾಹೇಬ್ರೆ ಅದಕ್ಕೊಂದು ಹೆಸರು ಬಂದಿದ್ದು?"

"ಹೆಸರಲ್ಲಿ ಮೊದ್ಲು ಬಂತು ಅಂತ ಜಂಭ! ನೀರು ಯಾರ್ದು ಜಾಸ್ತಿ, ಅದನ್ನ ಹೇಳಿ."

ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಒಬ್ಬ ಇಂಗ್ಲಿಷ್ ಮುದುಕರು, ಇವರಿಬ್ಬರೂ ಹೊಡೆದಾಡಿಬಿಡುತ್ತಾರೋ ಏನೋ ಎಂದು, ವಿಷಯ ಏನು ಅಂತ ವಿಚಾರಿಸಿದರು. ಎರಡು ನದಿಗಳ ವಿಷಯ ಎಂದೆ. ಅವರು ಬಹಳ ಗಂಭೀರವಾಗಿ ತಲೆಯಾಡಿಸಿ, "ಹಾಗಾದರೆ ಸರಿ, ಮುಂದುವರಿಸಿ" ಎಂದು ಕಣ್ಣು ಮುಚ್ಚಿದರು. ಆ ಗಾಂಭೀರ್ಯ ಎಲ್ಲಿಂದ ಬಂತೆಂದು ನನಗೆ ಅವರ ದೇಶದಲ್ಲಿ ಎರಡು ತಿಂಗಳು ಕಳೆದ ಮೇಲೆ ಗೊತ್ತಾಯಿತು.

ಮೆಟ್ಟಿಲು ತೊಳೆಯುವ ಬೀದಿ

ನಾವು ಹೋಗಿ ಸೇರಿದ್ದು ಉತ್ತರ ಇಂಗ್ಲೆಂಡಿನ ಒಂದು ಎರಕದ ಊರಿಗೆ. ಅದರ ಹೆಸರನ್ನಾಗಲಿ ಜಿಲ್ಲೆಯ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಬರೆದರೆ ಪಕ್ಕದ ಜಿಲ್ಲೆಯವರು ಹಡಗು ಹತ್ತಿ ಜಗಳಕ್ಕೆ ಬಂದಾರು. ಜಿಲ್ಲೆಗೆ ಅಲ್ಲಿ ಕೌಂಟಿ ಎನ್ನುತ್ತಾರೆ. ಊರ ಅಂಚಿನಲ್ಲಿ ಒಂದು ಹೊಳೆ; ಬೇಸಿಗೆಯಲ್ಲಿ ನಮ್ಮ ತುಂಗೆ ಇಳಿದಾಗ ಇರುತ್ತದಲ್ಲ, ಅಷ್ಟಗಲ. ಈಚೆ ಒಂದು ಕೌಂಟಿ, ಆಚೆ ಇನ್ನೊಂದು. ನಡುವೆ ಒಂದು ಕಲ್ಲಿನ ಸೇತುವೆ. ದಾಟಲು ಎರಡು ನಿಮಿಷ ಸಾಕು. ದಾಟಿದವರು ದಾಟಿದವರೆಂದು ಮರೆಯಲು ಆ ಊರಿಗೆ ಒಂದು ಜನ್ಮ ಸಾಲದು.

ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹುಯ್ದ ಹಾಗೆ ಸಾಲಾಗಿ ನಿಂತಿದ್ದವು, ಕೆಂಪು ಇಟ್ಟಿಗೆ, ಕಪ್ಪು ಬಾಗಿಲು. ಮೊದಲ ವಾರ ನಾನು ಎರಡು ಸಲ ಬೇರೆಯವರ ಮನೆಗೆ ನುಗ್ಗಿದೆ. ಎರಡನೆಯ ಸಲ ಆ ಮನೆಯವರು ಚಹಾ ಕೊಟ್ಟೇ ಕಳಿಸಿದರು. ಬೆಳಗಾದರೆ ಪ್ರತಿ ಮನೆಯ ಹೆಂಗಸೂ ಮಂಡಿಯೂರಿ ಕೂತು ಬಾಗಿಲ ಮೆಟ್ಟಿಲನ್ನು ತಿಕ್ಕಿ ತೊಳೆದು, ಅಂಚಿಗೆ ಒಂದು ಬಗೆಯ ಕೆಂಗಲ್ಲಿನಿಂದ ಬಣ್ಣ ಎಳೆಯುವಳು. ನಮ್ಮ ಬೀದಿಯಲ್ಲಿ ಸಾರಿಸಿ ರಂಗೋಲಿ ಬಿಡುವ ಹೊತ್ತಿಗೆ ನಡೆಯುವ ಮಾತೇ ಅಲ್ಲೂ ನಡೆಯುತ್ತಿತ್ತು. ಯಾರ ಮೆಟ್ಟಿಲು ಇನ್ನೂ ಒಣಗಿದೆ, ಯಾರ ಸೊಸೆ ಇನ್ನೂ ಎದ್ದಿಲ್ಲ, ಇತ್ಯಾದಿ.

ನಮಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದವರು ಆನಿ ಎಂಬ ಅರವತ್ತು ದಾಟಿದ ವಿಧವೆ. ಅವರ ಯಜಮಾನರೂ ನನ್ನ ಹಾಗೇ ಮರಳಿನ ಅಚ್ಚು ಕಟ್ಟುತ್ತಿದ್ದವರಂತೆ. ಅಷ್ಟು ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳಲಿಲ್ಲ. ಎರಡನೆಯ ದಿನದಿಂದಲೇ ಆನಿಯಮ್ಮ ಎಂದೆವು. ಆಕೆಯ ಇಂಗ್ಲಿಷು ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷಲ್ಲ. ಅರ್ಧ ಪದ ನುಂಗಿ, ಉಳಿದರ್ಧಕ್ಕೆ ಅಕ್ಕರೆ ಸವರಿ ಬಿಡುವರು. ನನ್ನ ಅಜ್ಜಿ ಜಗಲಿಯಲ್ಲಿ ಕೂತು ಬೈಯುತ್ತಿದ್ದ ಹಾಗೇ ಕಿವಿಗೆ ಬೀಳುತ್ತಿತ್ತು. ಅದಕ್ಕೇ ಆಕೆಯ ಮಾತನ್ನೂ ಆ ಊರವರ ಮಾತನ್ನೂ ನಮ್ಮ ಬೀದಿಯ ಮಾತಿನಲ್ಲೇ ಬರೆಯುತ್ತೇನೆ. ಬೇರೆ ಮಾತಿನಲ್ಲಿ ಬರೆದರೆ ಅವರ ಗುರುತು ಸಿಗುವುದಿಲ್ಲ.

ಹೋದ ನಾಲ್ಕನೆಯ ದಿನ ಒಂದು ಅನಾಹುತವಾಯಿತು. ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಸಾರಿನ ಪುಡಿಯ ಡಬ್ಬಿ ಅಡಿಗೆಮನೆಯ ಕಿಟಕಿಯಲ್ಲಿತ್ತು. ಆನಿಯಮ್ಮನಿಗೆ ಕೆಂಗಲ್ಲು ತೀರಿಹೋಗಿತ್ತು. ಬಣ್ಣ ಚೆನ್ನಾಗಿದೆಯಲ್ಲ ಎಂದು ಹಿಡಿ ತುಂಬ ತೆಗೆದು ಮೆಟ್ಟಿಲಿಗೆ ತಿಕ್ಕಿದರು. ಅಂಚೆಯವನು ಬಂದವನು ಕಾಗದ ಕೊಡದೆ ಸೀನುತ್ತಾ ನಿಂತ. ಹಾಲಿನವನ ಕುದುರೆ ಆ ಬಾಗಿಲು ದಾಟಲು ಒಪ್ಪಲಿಲ್ಲ.

"ಇದನ್ನ ಹೊಟ್ಟೆಗೆ ಹಾಕ್ತೀಯೇನೋ ಮಗನೆ?" ಎಂದು ಆಕೆ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು.

"ದಿನಾ ಎರಡು ಹೊತ್ತು" ಎಂದೆ.

"ಅಯ್ಯೋ ಪಾಪ!"

ಊಟದ ಕಷ್ಟ ಬೇರೆ. ನಾನು ಮಾಂಸ ಮುಟ್ಟುವವನಲ್ಲ. ಸಾಹೇಬರು ಹಂದಿ ಎಂದರೆ ಆ ಬೀದಿಗೇ ಹೋಗುವವರಲ್ಲ. ಬೇರೆ ಮಾಂಸವೂ ತಮ್ಮ ಕ್ರಮದಲ್ಲಿ ಕೊಯ್ದದ್ದಲ್ಲವೆಂದು ಬಿಟ್ಟರು. ಆ ಊರಿನ ಮುಖ್ಯ ತಿಂಡಿ ಪೈ. ಹಿಟ್ಟನ್ನು ಲಟ್ಟಿಸಿ ತಟ್ಟೆಗೆ ಹಾಸಿ, ಒಳಗೆ ಹೂರಣ ತುಂಬಿ, ಮೇಲೊಂದು ಹಿಟ್ಟಿನ ಮುಚ್ಚಳ ಹೊದಿಸಿ ಓವನ್ನಿನಲ್ಲಿ ಬೇಯಿಸುವುದು. ಹೂರಣ ಆಲೂಗೆಡ್ಡೆ, ಈರುಳ್ಳಿ ಇದ್ದರೂ ಹಿಟ್ಟನ್ನು ಅವರು ಕಲಸುವುದು ಹಂದಿಯ ಕೊಬ್ಬಿನಲ್ಲಿ. ಈ ಸುದ್ದಿ ಗೊತ್ತಾದ ಸಂಜೆ ನಾವಿಬ್ಬರೂ ಬ್ರೆಡ್ಡು ಹಾಲು ತಿಂದು ಮಲಗಿದೆವು. ಮಾರನೆಯ ದಿನ ಆನಿಯಮ್ಮ ಏನೂ ಹೇಳದೆ ಒಂದು ಪೈ ತಂದು ಇಟ್ಟರು. ಹಿಟ್ಟಿಗೆ ಬೆಣ್ಣೆ ಹಾಕಿದ್ದರು. ಮುಚ್ಚಳ ಮುರಿದಾಗ ಬಂದ ಘಮಕ್ಕೆ ಸಾಹೇಬರು ಕಣ್ಣು ಮುಚ್ಚಿ, "ಮಾಷಾ ಅಲ್ಲಾ" ಎಂದರು. ಊಟಕ್ಕೇನು ಮಾಡಿದೆ ಎಂದು ಕೇಳಿದವರಿಗೆಲ್ಲ ಇದೇ ಉತ್ತರ. ಆರು ತಿಂಗಳು ನಾವು ಬದುಕಿದ್ದು ಆ ಪೈ ಮೇಲೆ.

ಪಕ್ಕದ ಮನೆಯ ಡೊರಿಸ್ ಆನಿಯಮ್ಮನ ಗೆಳತಿ. ಅವರ ಮನೆಯ ಗಾಜಿನ ಕಪಾಟಿನಲ್ಲಿ ನಾಲ್ಕು ಬೆಳ್ಳಿಯ ಕಪ್ಪುಗಳಿದ್ದವು. ವರ್ಷಕ್ಕೊಮ್ಮೆ ಬರುವ ಕೌಂಟಿ ದಿನದಂದು ಪೈ ಪಂದ್ಯದಲ್ಲಿ ಗೆದ್ದವಂತೆ. ಆ ಮನೆಗೆ ಚಹಾಕ್ಕೆ ಹೋದಾಗಲೆಲ್ಲ ಆನಿಯಮ್ಮ ಕಪಾಟಿಗೆ ಬೆನ್ನು ಮಾಡಿ ಕೂರುವುದನ್ನು ನಾನು ನೋಡಿದ್ದೆ. ಕಾರಣ ಕೇಳಿರಲಿಲ್ಲ.

ಶುಕ್ರವಾರ, ಹೆಸರು ಬರೆದದ್ದು

ಕೌಂಟಿ ದಿನದ ಹಿಂದಿನ ಸಂಜೆ ಪಂದ್ಯಕ್ಕೆ ಹೆಸರು ಕೊಡುವವರು ಪ್ರಾರ್ಥನಾ ಮಂದಿರದ ಪಕ್ಕದ ಹಾಲಿಗೆ ಬರಬೇಕು. ಬರೆದುಕೊಳ್ಳಬೇಕಾದವನು ನಮ್ಮ ಫೋರ್‌ಮನ್ ಬಿಲ್. ಅವನ ಬಲಗೈಗೆ ಹಿಂದಿನ ದಿನ ಬಿಸಿ ತಗುಲಿ ಬಟ್ಟೆ ಸುತ್ತಿತ್ತು. "ಬಸಪ್, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಎಂದು ಕೂರಿಸಿದ. ಒಂದೊಂದು ತಿಂಡಿಗೆ ಒಂದೊಂದು ಕಾರ್ಡು. ತಿಂಡಿಯ ಹೆಸರು, ಮಾಡಿದವರ ಹೆಸರು, ಎಲ್ಲಿಯವರು ಎಂಬುದು, ಇಷ್ಟೇ. ರಾಜ್ಯ ಒಂದಾದ ಮೇಲೆ ನವೆಂಬರಿನಲ್ಲಿ ನಮ್ಮ ಬೀದಿಯಲ್ಲಿ ರಾಜ್ಯೋತ್ಸವ ಮಾಡುತ್ತೇವಲ್ಲ, ಅಲ್ಲಿ ರಂಗೋಲಿ ಪಂದ್ಯಕ್ಕೆ ಹೆಸರು ಬರೆಯುವವನು ನಾನೇ. ಗೊತ್ತಿರುವ ಕೆಲಸ ಎಂದು ಹುರುಪಿನಿಂದ ಕೂತೆ.

ಬಂದವರಲ್ಲಿ ಆನಿಯಮ್ಮನೂ ಇದ್ದರು. ಡೊರಿಸ್ ಇರಲಿಲ್ಲ, ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋಗಿದ್ದರು. ಆನಿಯಮ್ಮ ಮೇಜಿನ ಮುಂದೆ ಬಂದು, "ಆಲೂಗೆಡ್ಡೆ ಪೈ. ಹೆಸರು..." ಎನ್ನುವಷ್ಟರಲ್ಲಿ ನಾನು ನಕ್ಕು, "ಎರಡು ತಿಂಗಳಿಂದ ತಿಂತಾ ಇದೀನಿ, ನಿಮ್ಮ ಹೆಸರು ನೀವೇ ಹೇಳ್ಬೇಕೇ?" ಎಂದು ಬರೆದೇಬಿಟ್ಟೆ. ಎಲ್ಲಿಯವರು ಎಂಬ ಕಡೆ ಆ ಊರಿನ ಹೆಸರನ್ನೇ ಹಾಕಿದೆ. ಕೇಳಲೂ ಇಲ್ಲ. ಗಂಡ ಬಾಳಿದ ಊರು, ಗಂಡನ ಮನೆ ಇರುವ ಊರು. ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳನ್ನು ಎಲ್ಲಿಯವರೆಂದು ಕೇಳಿದರೆ ಬರುವ ಉತ್ತರ ಅದೇ ತಾನೆ? ತವರು ಯಾವುದು ಎನ್ನುವುದು ಎರಡನೆಯ ಪ್ರಶ್ನೆ.

ಆನಿಯಮ್ಮ ಕಾರ್ಡನ್ನು ಎತ್ತಿಕೊಂಡು ಓದಿದರು. ಕಾರ್ಡನ್ನು ಕೈಚೀಲಕ್ಕೆ ಹಾಕಿ ಅದರ ಬಾಯನ್ನು ಟಕ್ ಎನ್ನಿಸಿ, ಬೇಗ ಬೇಗ ಹೊರಟುಹೋದರು.

ಮನೆಗೆ ಬಂದರೆ ಆ ಕಾರ್ಡು ಊಟದ ಮೇಜಿನ ನಡುವೆ, ಉಪ್ಪಿನ ಬಟ್ಟಲಿಗೆ ಒರಗಿ ನಿಂತಿತ್ತು. ಅದರ ಮುಂದೆ ಆನಿಯಮ್ಮ ಕೂತಿದ್ದರು. ಆಗ ಹೇಳಿದರು.

"ನಾನು ಹೊಳೆಯಾಚೆ ಹುಟ್ಟಿದವಳು ಕಣೋ ಮಗನೆ. ಮದ್ವೆಯಾಗಿ ಈ ಕಡೆ ಬಂದು ಮೂವತ್ತೆಂಟು ವರ್ಷ ಆಯ್ತು. ಇವತ್ತಿಗೂ ಬ್ರೆಡ್ ಅಂಗಡಿಯವನು ನನ್ನ ಕರೆಯೋದೇ ಹೊಳೆಯಾಚೆ ಆನಿ ಅಂತ. ಈ ಕೌಂಟೀಲಿ ಹುಟ್ಟಿದೋರು ಮಾತ್ರ ಪಂದ್ಯಕ್ಕೆ ಇಡಬಹುದು ಅಂತ ಕಾನೂನು. ಪೈ ಮಾಡೋಳು ನಾನು, ಹೆಸರು ಕೊಡೋಳು ಡೊರಿಸ್. ಆ ಕಪಾಟಿನಲ್ಲಿರೋ ಕಪ್ಪುಗಳಿದ್ದಾವಲ್ಲ..."

ಕಪಾಟಿಗೆ ಆಕೆ ಯಾಕೆ ಬೆನ್ನು ಮಾಡಿ ಕೂರುತ್ತಿದ್ದರೆಂದು ಆಗ ತಿಳಿಯಿತು.

"ತಪ್ಪಾಯ್ತು ಆನಿಯಮ್ಮ. ಈಗಲೇ ಬಿಲ್ ಹತ್ರ ಹೋಗಿ ಡೊರಿಸ್ ಹೆಸರು ಹಾಕಿಸ್ಕೊಂಡು ಬರ್ತೀನಿ" ಎಂದು ಎದ್ದೆ.

"ಕೂತ್ಕೊ."

ಅಜ್ಜಿ ಗದರಿದ ಹಾಗಾಯಿತು. ಕೂತೆ.

"ನಾನು ಕೇಳಿ ಬರೆಸಿದ್ದಲ್ಲ. ತಾನಾಗಿ ಬಂದಿದೆ. ಒಂದು ಸಲ, ಒಂದೇ ಒಂದು ಸಲ ಆ ಮೇಜಿನ ಮೇಲೆ ನನ್ನ ಪೈ ನನ್ನ ಹೆಸರಲ್ಲಿ ಕೂತಿರೋದನ್ನ ನಾನು ನೋಡ್ಬೇಕು."

"ಯಾರಾದ್ರೂ ಎತ್ತಿ ಆಡಿದ್ರೆ?" ಎಂದರು ಸಾಹೇಬರು.

"ಆಡಿದ್ರೆ ಎಲ್ಲರ ಮುಂದೆ ತೆಗೆದು ಹಾಕ್ತಾರೆ. ಆಮೇಲೆ ನಾನು ಈ ಬೀದೀಲಿ ತಲೆಯೆತ್ತಿ ಮೆಟ್ಟಿಲು ತೊಳೆಯೋಕಾಗಲ್ಲ." ಎದ್ದು ತೋಳು ಮಡಿಸಿದರು. "ಹೆಂಗೂ ನನ್ನ ಹೆಸರಲ್ಲೇ ಹೋಗೋದಾದ್ರೆ ನನಗೆ ಬೇಕಾದ ಹಾಗೆ ಮಾಡ್ತೀನಿ. ಬೆಣ್ಣೇಲೇ ಕಲಸ್ತೀನಿ. ಮಿಕ್ಕಿದ್ದನ್ನ ನೀವಿಬ್ರೂ ತಿನ್ನಿ."

ಶನಿವಾರ ಬೆಳಿಗ್ಗೆ, ಗಡಿಗಲ್ಲು

ಕೌಂಟಿ ದಿನ ಶುರುವಾಗುವುದು ನಡಿಗೆಯಿಂದ. ನಮ್ಮ ಮೆರವಣಿಗೆ ಊರ ನಡುವೆ ಸುತ್ತುತ್ತದೆ, ನಾಲ್ಕು ಜನ ನೋಡಲಿ ಎಂದು. ಅವರದು ಊರ ಅಂಚಿನಲ್ಲಿ ಸುತ್ತುತ್ತದೆ. ನಮ್ಮ ನೆಲ ಎಲ್ಲಿಯವರೆಗೆ ಎಂದು ಕಾಲಿಗೇ ನೆನಪಿರಬೇಕಂತೆ. ಮುಂದೆ ಕಾರ್ಖಾನೆಯ ಬ್ಯಾಂಡು, ಅದರ ಹಿಂದೆ ಕ್ಲೆಗ್ ಮೇಷ್ಟ್ರು. ನಿವೃತ್ತರಾದ ಮೇಲೆ ಕೌಂಟಿಯ ಮಾನ ಕಾಯುವುದನ್ನೇ ಕೆಲಸ ಮಾಡಿಕೊಂಡವರು, ಕೈಯಲ್ಲಿ ಒಂದು ಉದ್ದನೆಯ ಕೋಲು. ಹಿಂದೆ ಊರಿಗೆ ಊರೇ. ಮುಳ್ಳಿನ ಬೇಲಿ ಹಾರಿ, ಯಾರದೋ ಕೋಳಿಗೂಡಿನ ನಡುವೆ ನುಗ್ಗಿ, ಒಬ್ಬರ ಹಿತ್ತಿಲ ಬಾಗಿಲಿನಿಂದ ಹೊಕ್ಕು ಬೀದಿ ಬಾಗಿಲಿನಿಂದ ಹೊರಬಂದೆವು. ಆ ಮನೆಯ ನಡುವೆ ಊರ ಗಡಿ ಹಾದುಹೋಗುತ್ತದಂತೆ. ಮನೆಯ ಯಜಮಾನರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದವರು, ಹಾದುಹೋದ ಒಬ್ಬೊಬ್ಬರಿಗೂ ತಲೆ ಬಾಗಿಸಿದರು.

ಕೊನೆಗೆ ಸೇತುವೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಅಲ್ಲಿ ಎಲ್ಲರೂ ನಿಂತರು. ಊರಿನಲ್ಲಿ ಆ ವರ್ಷ ನಡೆಯಲು ಕಲಿತ ಮಕ್ಕಳನ್ನೂ, ಹೊಸದಾಗಿ ಬಂದವರನ್ನೂ ಎತ್ತಿ ಮೂರು ಸಲ ಆ ಕಲ್ಲಿನ ಮೇಲೆ ಕುಕ್ಕುವುದು ಅಲ್ಲಿನ ವಾಡಿಕೆ. ಕುಕ್ಕಿಸಿಕೊಂಡವನು ಗಡಿಯನ್ನು ಮರೆಯುವುದಿಲ್ಲ, ಅವನು ಕೌಂಟಿಯ ಮಗ. ಮರೆಯುವುದಿಲ್ಲ ಎನ್ನುವುದು ನಿಜ. ನಾನು ಮೂರು ರಾತ್ರಿ ಬೋರಲು ಮಲಗಿದೆ.

"ನಂದು ಬಿಡಿ, ನಂಗೆ ಸೊಂಟ ನೋವು" ಎಂದು ರಹಮತ್ ಸಾಹೇಬರು ಹಿಂದೆ ಸರಿಯುತ್ತಿದ್ದರು. ಆರು ಜನ ಎರಕದವರು ಬಂದು ಹಿಡಿದರು. ಮೊದಲ ಸಲ ಎತ್ತಲಾಗಲಿಲ್ಲ. ಇನ್ನಿಬ್ಬರು ಸೇರಿದರು.

"ಯಾ ಅಲ್ಲಾ! ಬಸಪ್ಪನೋರೆ, ಹೇಳ್ರೀ ಇವ್ರಿಗೆ! ನಾನು ಭದ್ರಾವತಿಯೋನು!"

"ಶಿವಮೊಗ್ಗದವನನ್ನೇ ಬಿಟ್ಟಿಲ್ಲ, ನಿಮ್ಮನ್ನ ಬಿಡ್ತಾರಾ ಸಾಹೇಬ್ರೆ?"

ಧೊಪ್ಪೆಂದು ಮೂರು ಸಲ. ಬ್ಯಾಂಡಿನವರು ಒಂದೊಂದು ಕುಕ್ಕಿಗೂ ಡೋಲು ಹೊಡೆದರು. ಮೇಷ್ಟ್ರು ಕೋಲೆತ್ತಿ, ಈ ಇಬ್ಬರೂ ಇಂದಿನಿಂದ ನಮ್ಮವರು ಎಂದು ಸಾರಿದರು. ಜನ ಟೋಪಿ ಹಾರಿಸಿದರು. ಗುಂಪಿನ ಹಿಂದೆ ಆನಿಯಮ್ಮ ಪೈ ಮೇಲೆ ಬಟ್ಟೆ ಮುಚ್ಚಿಕೊಂಡು ನಿಂತಿದ್ದರು. ಅವರೂ ಚಪ್ಪಾಳೆ ಹೊಡೆಯಲು ನೋಡಿದರು, ಕೈ ಬಿಡುವಿರಲಿಲ್ಲ.

ಶನಿವಾರ ಮಧ್ಯಾಹ್ನ, ಡೇರೆ

ಸೇತುವೆಯ ಪಕ್ಕದ ಹುಲ್ಲುಗಾವಲಿನಲ್ಲಿ ಡೇರೆ ಹಾಕಿದ್ದರು. ಉದ್ದನೆಯ ಮೇಜಿನ ಮೇಲೆ ಇಪ್ಪತ್ತೋ ಇಪ್ಪತ್ತೈದೋ ಪೈಗಳು, ಒಂದೊಂದರ ಮುಂದೆ ನಾನು ಬರೆದ ಕಾರ್ಡು. ಆನಿಯಮ್ಮನದು ಎಡಗಡೆಯಿಂದ ಏಳನೆಯದು. ಆಕೆ ಡೇರೆಯ ಕಂಬಕ್ಕೆ ಒರಗಿ, ತನಗೂ ಅದಕ್ಕೂ ಸಂಬಂಧವಿಲ್ಲದ ಹಾಗೆ ನಿಂತಿದ್ದರು. ಆದರೆ ಕಣ್ಣು ಏಳನೆಯ ಕಾರ್ಡು ಬಿಟ್ಟು ಕದಲುತ್ತಿರಲಿಲ್ಲ.

ತೀರ್ಪುಗಾರರು ಇನ್ನೂ ಚಾಕು ಹಿಡಿದಿರಲಿಲ್ಲ. ಕ್ಲೆಗ್ ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದೇ ಕಾರ್ಡು ಓದುತ್ತಾ ಬಂದರು. ಆರು ಓದಿದರು. ಏಳನೆಯದನ್ನು ಎರಡು ಸಲ ಓದಿದರು.

"ಇದು ತಪ್ಪು" ಎಂದರು. "ಆನಿ ಹುಟ್ಟಿದ್ದು ಹೊಳೆಯಾಚೆ. ಊರಿಗೇ ಗೊತ್ತಿರೋ ವಿಷಯ. ಯಾರು ಬರೆದದ್ದು ಇದನ್ನ?"

ಆನಿಯಮ್ಮನ ಮುಖ ಅವರು ತಿಕ್ಕಿದ ಮೆಟ್ಟಿಲಿನ ಅಂಚಿಗಿಂತ ಕೆಂಪಾಯಿತು. ನಾನು ಮುಂದೆ ಬಂದು ನಾನೇ ಬರೆದದ್ದೆಂದೆ.

"ಹುಟ್ಟಿದ್ದೆಲ್ಲಿ ಅಂತ ಕೇಳಿದ್ಯಾ?"

"ಇಲ್ಲ ಮೇಷ್ಟ್ರೆ."

"ಯಾಕೆ ಕೇಳ್ಲಿಲ್ಲ?"

ಇದ್ದದ್ದನ್ನೇ ಹೇಳಿದೆ. ನಮ್ಮ ಕಡೆ ಮದುಮಗಳು ಗಂಡನ ಮನೆಗೆ ಬಂದಾಗ ಹೊಸಿಲ ಮೇಲೆ ಒಂದು ಸೇರು ಅಕ್ಕಿ ಇಟ್ಟಿರುತ್ತಾರೆ. ಅವಳು ಅದನ್ನು ಬಲಗಾಲಿನಿಂದ ಒಳಕ್ಕೆ ಉರುಳಿಸಿ ಬರುತ್ತಾಳೆ. ಅಕ್ಕಿ ಚೆಲ್ಲಿದ ಕ್ಷಣದಿಂದ ಅವಳು ಆ ಮನೆಯವಳು, ಆ ಊರವಳು. ಆಮೇಲೆ ಯಾರೂ ಹಿಂದಕ್ಕೆ ಎಣಿಸುವುದಿಲ್ಲ. ನನ್ನ ತಾಯಿಯೂ ಹೊಳೆಯಾಚೆಯವಳೇ ಎಂದೆ. ಊರು ರಾಣೆಬೆನ್ನೂರು, ತುಂಗಭದ್ರೆಯ ಆಚೆ ದಡ. ಆಗ ಅದು ಮುಂಬಯಿ ರಾಜ್ಯಕ್ಕೆ ಸೇರಿತ್ತು, ನಮ್ಮದು ಮೈಸೂರಿಗೆ. ಶಿವಮೊಗ್ಗದ ನಮ್ಮ ಬೀದಿಯವರು ಅವಳು ರೊಟ್ಟಿ ಬಡಿಯುವ ಸದ್ದು ಕೇಳಿ "ಬಾಂಬೆ ಸೀಮೆಯವಳು" ಎಂದು ಸ್ವಲ್ಪ ದಿನ ಆಡಿಕೊಂಡರು. ಸ್ವಲ್ಪ ದಿನ ಮಾತ್ರ. ಆಮೇಲೆ ಸರ್ಕಾರವೇ ಎರಡೂ ದಡವನ್ನು ಒಂದು ಮಾಡಿತು. ಆ ದಿನ ನನ್ನ ತಾಯಿ ಬೀದಿಗೆಲ್ಲ ಹೋಳಿಗೆ ಹಂಚಿ, "ಈಗೇನಂತೀರಿ? ನಮ್ಮೂರು ನಿಮ್ಮೂರು ಒಂದ ಆತಲ್ಲ" ಎಂದು ಒಬ್ಬೊಬ್ಬರ ಮನೆ ಬಾಗಿಲಲ್ಲೂ ನಿಂತು ಕೇಳಿ ಬಂದಳು.

ಇಷ್ಟು ಹೇಳುವ ಹೊತ್ತಿಗೆ ಹಿಂದೆ ನಿಂತ ಹೆಂಗಸರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು. ಮೇಷ್ಟ್ರು ಮಾತ್ರ ಜಗ್ಗಲಿಲ್ಲ.

"ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಆದ್ರೆ ನಮ್ಮಲ್ಲಿ ಸೇರೂ ಇಲ್ಲ, ಅಕ್ಕಿಯೂ ಇಲ್ಲ. ನಿಯಮ ನಿಯಮವೇ." ಏಳನೆಯ ಕಾರ್ಡಿಗೆ ಕೈ ಹಾಕಿದರು.

ಆಗ ಡೇರೆಯ ಬಾಗಿಲಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದ ರಹಮತ್ ಸಾಹೇಬರು ಬಾಯಿ ಬಿಟ್ಟರು. ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷು, ಕ್ರಿಯಾಪದಗಳು ಕಡಿಮೆ. ಭಾವ ಹೀಗಿತ್ತು:

"ಮೇಷ್ಟ್ರೆ, ಒಂದು ಮಾತು. ಈ ಊರಿಗೆ ಬಂದು ನಂಗೆ ಎರಡು ತಿಂಗಳು. ಬೆಳಿಗ್ಗೆ ಎಂಟು ಜನ ಎತ್ತಿ ಕಲ್ಲಿಗೆ ಕುಕ್ಕಿದ್ರಿ, ಮಗ ಅಂದ್ರಿ, ಟೋಪಿ ಹಾರಿಸಿದ್ರಿ. ಈ ಅಮ್ಮ ಬಂದು ಮೂವತ್ತೆಂಟು ವರ್ಷ. ಇವರನ್ನ ಯಾರಾದ್ರೂ ಕುಕ್ಕಿದ್ರಾ?"

"ಇಲ್ಲ" ಎಂದರು ಮೇಷ್ಟ್ರು.

"ಯಂತ್ರಕ್ಕೆ ಎಣ್ಣೆ ಹಾಕ್ದೇ ಇದ್ರೆ ತಪ್ಪು ಯಂತ್ರದ್ದಲ್ಲ ಮೇಷ್ಟ್ರೆ. ಹಾಕ್ಬೇಕಾದೋನ್ದು."

ಮೊದಲು ನಕ್ಕವನು ಬಿಲ್. ಅವನ ಹಿಂದೆ ಇಡೀ ಡೇರೆ. ಮೇಷ್ಟ್ರು ನಗಲಿಲ್ಲ; ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ನಿಯಮದ ಮನುಷ್ಯನಿಗೆ ನಿಯಮವೇ ಅಡ್ಡ ಬಂದರೆ ಪಡುವ ಪಾಡು ನನಗೆ ಗೊತ್ತು, ನಮ್ಮ ಕಾರ್ಖಾನೆಯಲ್ಲೂ ಅಂಥವರಿದ್ದಾರೆ. ಕಡೆಗೆ ಕೋಲು ತೆಗೆದುಕೊಂಡು, "ಹಾಗಾದ್ರೆ ಇನ್ನೇನು ನೋಡ್ತಾ ನಿಂತಿದೀರಿ? ಕಲ್ಲು ಹತ್ತಿರಾನೇ ಇದೆ" ಎಂದು ಹೊರಟೇಬಿಟ್ಟರು.

"ನನ್ನ ಮುಟ್ಟಿದ್ರೆ ನೋಡಿ!" ಎಂದು ಆನಿಯಮ್ಮ ಕೂಗಿದರು. ಆದರೆ ಓಡಲಿಲ್ಲ. ಟೋಪಿಯ ಪಿನ್ನನ್ನು ಭದ್ರಪಡಿಸಿ, ಕೈಚೀಲವನ್ನು ನನ್ನ ಕೈಗೆ ಕೊಟ್ಟು, ತಾವಾಗಿಯೇ ನಡೆದು ಕಲ್ಲಿನ ಹತ್ತಿರ ಹೋದರು. ಎರಕದವರು ನಾಲ್ಕು ಜನ ಅವರನ್ನು ಕಾಯ್ದ ಕಬ್ಬಿಣದ ಬಾನಿ ಎತ್ತುವಷ್ಟು ಎಚ್ಚರಿಕೆಯಿಂದ ಎತ್ತಿದರು. ಒಂದು. ಎರಡು. ಮೂರು. ನಮ್ಮ ಹಾಗಲ್ಲ, ಹೂವಿಟ್ಟ ಹಾಗೆ. ಬ್ಯಾಂಡಿನವನು ಡೋಲು ಹೊಡೆಯಲು ಮರೆತ. ಮೂರನೆಯದಾದ ಮೇಲೆ ಆಕೆ ಕಲ್ಲಿನಿಂದ ಏಳಲೇ ಇಲ್ಲ. ಎರಡೂ ಕೈಯನ್ನು ಅದರ ಮೇಲೆ ಊರಿ ಸ್ವಲ್ಪ ಹೊತ್ತು ಕೂತಿದ್ದರು. ಅವಸರ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ.

ಆಮೇಲೆ ಪಂದ್ಯ. ತೀರ್ಪುಗಾರರು ಇಪ್ಪತ್ತೂ ಚಿಲ್ಲರೆ ಪೈಗಳನ್ನು ತಿಂದು ಏದುಸಿರು ಬಿಡುತ್ತಾ ಹೇಳಿದರು: ಏಳನೆಯದರ ಹೂರಣಕ್ಕೆ ಸಾಟಿಯಿಲ್ಲ, ಆದರೆ ಹಿಟ್ಟು ನಮ್ಮ ಕೌಂಟಿಯ ಪದ್ಧತಿಯದಲ್ಲ, ಆದ್ದರಿಂದ ಮೂರನೆಯ ಬಹುಮಾನ. ಅಷ್ಟರಲ್ಲಿ ಕೆನ್ನೆಗೆ ಮಫ್ಲರು ಕಟ್ಟಿಕೊಂಡು ಡೊರಿಸ್ ಬಂದರು. ಅರ್ಧ ಬಾಯಲ್ಲೇ ರೇಗಿದರು: "ಮೂರನೇದಾ? ಇದೇ ಕೈಗೆ ನಾಲ್ಕು ಸಲ ಮೊದಲ್ನೇದು ಕೊಟ್ಟಿದೀರಿ ಕಣ್ರೋ! ನನ್ನ ಕಪಾಟಲ್ಲಿರೋದೆಲ್ಲ ಇವಳ್ದೇ!"

ಜನರೆಲ್ಲ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಬಲಗಿವಿಯನ್ನು ಬೆರಳಿನಿಂದ ಅಲ್ಲಾಡಿಸಿಕೊಂಡು, "ಬ್ಯಾಂಡಿನ ಗದ್ದಲದಲ್ಲಿ ನನಗೆ ಒಂದೂ ಕೇಳಿಸ್ತಿಲ್ಲ" ಎಂದರು. ಬ್ಯಾಂಡಿನವರು ಆಗ ಹುಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ಭಾನುವಾರ, ಸೇತುವೆಯಾಚೆ

ಮಾರನೆಯ ದಿನ ಆನಿಯಮ್ಮ ಹೊಸದಾಗಿ ಒಂದು ಪೈ ಮಾಡಿ, ಅಣ್ಣನ ಮನೆಗೆ ಹೋಗೋಣ ಬನ್ನಿ ಎಂದು ನಮ್ಮಿಬ್ಬರನ್ನೂ ಹೊರಡಿಸಿದರು. ನಡೆಯುವುದು ನಮಗೆ ಕಷ್ಟವಾಗಿತ್ತು, ಕೂರುವುದು ಇನ್ನೂ ಕಷ್ಟ, ಆದ್ದರಿಂದ ಒಪ್ಪಿದೆವು. ಬಹುಮಾನದ ಕಾರ್ಡು ಅವರ ಕೋಟಿನ ಎದೆಯ ಮೇಲೆ ಪಿನ್ನಿನಲ್ಲಿ ಚುಚ್ಚಿಕೊಂಡಿತ್ತು, ಹೆಸರು ಎಲ್ಲರಿಗೂ ಕಾಣುವ ಹಾಗೆ. ಬ್ರೆಡ್ ಅಂಗಡಿಯವನು ಬಾಗಿಲಿಗೆ ಬಂದು, "ಗುಡ್ ಮಾರ್ನಿಂಗ್ ಹೊಳೆ..." ಎಂದು, ನಾಲಿಗೆ ಕಚ್ಚಿಕೊಂಡು, "ಗುಡ್ ಮಾರ್ನಿಂಗ್ ಆನಿ" ಎಂದ. ಆಕೆ ರಾಣಿಯ ಹಾಗೆ ತಲೆ ಬಾಗಿಸಿ ಮುಂದೆ ನಡೆದರು.

ಸೇತುವೆಯ ನಡುವೆ ನಿಂತರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಎದೆಯ ಮೇಲಿನ ಕಾರ್ಡನ್ನು ಬಿಚ್ಚಿ ಕೈಚೀಲದೊಳಗೆ ಹಾಕಿಕೊಂಡರು.

"ಯಾಕೆ ಆನಿಯಮ್ಮ?" ಎಂದೆ.

"ನಮ್ಮಣ್ಣಂಗೆ ಎಪ್ಪತ್ತೆರಡು ವರ್ಷ. ಎದೆ ಬೇರೆ ಸರಿಯಿಲ್ಲ. ನಡಿ."

ಅಣ್ಣ ಟಾಮ್ ಬಾಗಿಲಲ್ಲೇ ಕಾದಿದ್ದರು. ತಂಗಿಯದೇ ಮೂಗು, ತಂಗಿಯದೇ ಗದರಿಕೆ. ಅವರ ಮನೆಯ ಮೆಟ್ಟಿಲಿನ ಅಂಚು ಹಳದಿ. ಆ ಕೌಂಟಿಯಲ್ಲಿ ಕೆಂಪು ಹಚ್ಚುವುದಿಲ್ಲವಂತೆ. ಆನಿಯಮ್ಮ ಪೈ ಕೊಯ್ದು ಎಲ್ಲರಿಗೂ ಕೊಟ್ಟರು. ಟಾಮ್ ಒಂದು ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ಕಣ್ಣು ಒದ್ದೆಯಾಯಿತು.

"ಬೆಣ್ಣೆ ಹಿಟ್ಟು" ಎಂದರು. "ಅಮ್ಮನ ಕೈ. ಮದುವೆಯಾಗಿ ಹೋದ ಮೇಲೆ ನೀನು ಇದನ್ನ ಮಾಡೇ ಇರಲಿಲ್ಲವಲ್ಲೇ ಆನಿ." ಆಮೇಲೆ ನಮ್ಮ ಕಡೆ ತಿರುಗಿ, ಚಮಚ ಅಲ್ಲಾಡಿಸುತ್ತಾ ವಿವರಿಸಿದರು: "ನೋಡಿ ಸ್ವಾಮಿ, ಪರದೇಶದಿಂದ ಬಂದೋರು ನೀವು, ತಿಳ್ಕೊಂಡು ಹೋಗಿ. ಇದು ಹೊಳೆ ಈ ಕಡೆಯವರ ಪೈ. ಆಚೆಯವರು ಹಂದಿ ಕೊಬ್ಬು ಹಾಕಿ ಹಾಳು ಮಾಡ್ತಾರೆ. ಇಂಥದೊಂದು ಅವರ ಪಂದ್ಯದಲ್ಲಿ ಇಟ್ಟಿದ್ರೆ ಆ ಜನಕ್ಕೆ ಬೆಲೆ ಗೊತ್ತಾಗ್ತಿತ್ತಾ? ಮೂರನೆಯ ಬಹುಮಾನವೂ ಕೊಡ್ತಿರಲಿಲ್ಲ!"

ಆನಿಯಮ್ಮ ಮೇಜಿನ ಆಚೆಯಿಂದ ನಮ್ಮಿಬ್ಬರನ್ನೂ ದಿಟ್ಟಿಸಿದರು. ಒಂದು ಮಾತು ಹೊರಗೆ ಬಿದ್ದರೆ ಇವತ್ತು ರಾತ್ರಿ ಬರೀ ಬ್ರೆಡ್ಡು, ಎಂದು ಆ ನೋಟ ಸ್ಪಷ್ಟವಾಗಿ ಹೇಳಿತು.

ನಾನು ಬಾಯಿ ತುಂಬ ಪೈ ತುಂಬಿಕೊಂಡೆ. ರಹಮತ್ ಸಾಹೇಬರು ತಟ್ಟೆ ಮುಂದೆ ಚಾಚಿ, "ಹೌದು ಹೌದು, ಕೊಡೋ ಜನ ಅಲ್ಲ ಅವ್ರು. ಇನ್ನೊಂದು ತುಂಡು ಹಾಕಿ" ಎಂದರು.